ಲೆಕ್ಕಕ್ಕೆ ಸಿಗದ ನಷ್ಟ: ಪಿಟ್ಸ್‌ಬರ್ಗ್‌ನ ಲೋಯರ್ ಹಿಲ್, ಒಂದು ಪ್ರಕರಣ ಅಧ್ಯಯನ

1943ರಲ್ಲಿ ಪಿಟ್ಸ್‌ಬರ್ಗ್ ನಗರಸಭೆಯ ಸದಸ್ಯ ಜಾರ್ಜ್ ಇವಾನ್ಸ್ ತಮ್ಮ ಊರಿನ ಹಿಲ್ ಡಿಸ್ಟ್ರಿಕ್ಟ್ ಎಂಬ ಬಡಾವಣೆಯ ಬಗ್ಗೆ ಒಂದು ಲೇಖನ ಬರೆದರು. ಅಲ್ಲಿನ ಕಟ್ಟಡಗಳಲ್ಲಿ ಸುಮಾರು ಶೇಕಡ 90ರಷ್ಟು ವಾಸಕ್ಕೆ ತಕ್ಕ ಮಟ್ಟದಲ್ಲಿಲ್ಲ, ಅವುಗಳ ಉಪಯೋಗ ಎಂದೋ ಮುಗಿದಿದೆ, ಆದ್ದರಿಂದ ಅವನ್ನೆಲ್ಲ ಕೆಡವಿದರೂ ಸಾಮಾಜಿಕ ನಷ್ಟವೇನೂ ಆಗದು ಎಂದು ಅವರು ಅದರಲ್ಲಿ ಹೇಳಿದ್ದರು. ಬೀದಿಗಳ ಮೇಲೂ ಅವರಿಗೆ ಆಕ್ಷೇಪವಿತ್ತು. ಅಡ್ಡಾದಿಡ್ಡಿ ಹಾಯ್ದ ಬೀದಿಗಳು ಮೂರನೇ ಒಂದು ಪಾಲು ನೆಲವನ್ನು ನುಂಗಿವೆ, ಅವನ್ನು ಅಳಿಸಿ ಹೊಸ ನಕ್ಷೆ ಹಾಕಿದರೆ ನೂರು ಎಕರೆಯಷ್ಟು ಜಾಗ ಉಳಿತಾಯವಾಗುತ್ತದೆ ಎಂಬುದು ಅವರ ಲೆಕ್ಕ. ಹದಿಮೂರು ವರ್ಷಗಳ ನಂತರ, 1956ರ ಮೇ 31ರಂದು, ಅದೇ ಗುಡ್ಡದ ಇಳಿಜಾರಿನಲ್ಲಿ ಮೊದಲ ಮನೆಯನ್ನು ಕೆಡವಲಾಯಿತು.

ಪಿಟ್ಸ್‌ಬರ್ಗ್ ಎಂದರೆ ಅಮೆರಿಕದಲ್ಲಿರುವ ಬಹಳಷ್ಟು ಕನ್ನಡಿಗರಿಗೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ ನೆನಪಾಗುತ್ತದೆ. ಮಕ್ಕಳ ಮುಡಿ ಕೊಡಿಸಲು ನೂರಾರು ಮೈಲಿ ಕಾರು ಓಡಿಸಿಕೊಂಡು ಹೋಗುವವರು ನಗರದ ನಡುಭಾಗಕ್ಕೆ ಅಂಟಿಕೊಂಡೇ ಇರುವ ಈ ಗುಡ್ಡವನ್ನು ಗಮನಿಸದೆ ಹೆದ್ದಾರಿಯಲ್ಲಿ ಸಾಗಿಬಿಡುವುದೇ ಹೆಚ್ಚು. ಅದರಲ್ಲಿ ಅವರ ತಪ್ಪಿಲ್ಲ, ಏಕೆಂದರೆ ಹೆದ್ದಾರಿಗಳನ್ನು ಹಾಕಿದ ಬಗೆಯೇ ಹಾಗಿದೆ. ಗುಡ್ಡವನ್ನು ಪೇಟೆಯಿಂದ ಬೇರ್ಪಡಿಸಿರುವುದು ಕೂಡ ಅಂಥದೊಂದು ರಸ್ತೆಯೇ.

ಸ್ಮರಣೆಯ ಬಗ್ಗೆ ಮಾತಾಡುವಾಗ ನಾವು ಅದನ್ನು ಮನಸ್ಸಿನ ವಿಷಯವೆಂದೇ ತಿಳಿಯುತ್ತೇವೆ. ಹಿಲ್ ಡಿಸ್ಟ್ರಿಕ್ಟ್‌ನ ಕೆಳಭಾಗವಾದ ಲೋಯರ್ ಹಿಲ್‌ನ ಪ್ರಕರಣದಲ್ಲಿ ನೆನಪು ವ್ಯವಹಾರದ ವಿಷಯವೂ ಆಯಿತು. ಸರ್ಕಾರ ಬರೆಯದೆ ಬಿಟ್ಟ ಖಾತೆಯನ್ನು ಜನ ನೆನಪಿನಲ್ಲೇ ಇಟ್ಟುಕೊಂಡು ಬಂದರು, ದಶಕಗಳ ನಂತರ ಅದರ ಆಧಾರದ ಮೇಲೆ ಬಾಕಿ ಕೇಳಿದರು, ಅಲ್ಪಸ್ವಲ್ಪ ವಸೂಲಿಯೂ ಆಯಿತು. ಆದರೆ ವಸೂಲಿಯಾದದ್ದು ಯಾರಿಗೆ, ಆಗದೆ ಉಳಿದದ್ದು ಯಾರಿಗೆ ಎಂಬುದು ಈ ಅಧ್ಯಯನದ ಮುಖ್ಯ ಪ್ರಶ್ನೆ.

ಕೆಡವುವ ಮುಂಚಿನ ಗುಡ್ಡ

ಹಿಲ್ ಡಿಸ್ಟ್ರಿಕ್ಟ್ ಮೊದಲಿಂದಲೂ ಕಪ್ಪುಜನರದ್ದೇ ಆಗಿರಲಿಲ್ಲ. ಪೂರ್ವ ಯುರೋಪಿನ ಯಹೂದಿಗಳು, ಇಟಲಿಯವರು, ಸಿರಿಯಾದವರು, ಹೀಗೆ ಉಕ್ಕಿನ ಕಾರ್ಖಾನೆಗಳ ಊರಿಗೆ ಬಂದವರೆಲ್ಲ ಮೊದಲು ಇಳಿದುಕೊಂಡದ್ದು ಇಲ್ಲಿಯೇ. ಮೊದಲ ಮಹಾಯುದ್ಧದ ಹೊತ್ತಿಗೆ ದಕ್ಷಿಣದ ರಾಜ್ಯಗಳಿಂದ ಆಫ್ರಿಕನ್ ಅಮೆರಿಕನ್ನರ ದೊಡ್ಡ ಗುಳೆ ಶುರುವಾದಾಗ ಅವರೂ ಇಲ್ಲಿಗೇ ಬಂದರು. ಬೇರೆಯವರು ಕೈಯಲ್ಲಿ ನಾಲ್ಕು ಕಾಸು ಆದಂತೆ ಬೇರೆ ಬಡಾವಣೆಗಳಿಗೆ ಹೋದರು, ಕಪ್ಪುಜನರಿಗೆ ಮಾತ್ರ ಆ ಬಡಾವಣೆಗಳ ಬಾಗಿಲು ಮುಚ್ಚಿತ್ತು. ಹೀಗಾಗಿ ಒಂದೇ ಗುಡ್ಡದಲ್ಲಿ ವಕೀಲರೂ, ಕೂಲಿಗಳೂ, ವೈದ್ಯರೂ, ಸಂಗೀತಗಾರರೂ, ರೈಲಿನ ಪೋರ್ಟರುಗಳೂ ಒಟ್ಟಿಗೆ ಬಾಳಿದರು.

ಗುಡ್ಡದ ಬೆನ್ನೆಲುಬಾಗಿದ್ದ ವೈಲಿ ಅವೆನ್ಯೂ ಪೇಟೆಯಿಂದ ನೇರವಾಗಿ ಮೇಲಕ್ಕೆ ಏರುತ್ತಿತ್ತು. ಅದಕ್ಕೆ ಫುಲರ್ಟನ್ ಬೀದಿ ಕೂಡುವ ಮೂಲೆ ರಾತ್ರಿಯಿಡೀ ಎಚ್ಚರವಾಗಿರುತ್ತಿತ್ತು. ಲೋಗನ್ ಬೀದಿಯಲ್ಲಿ ಯಹೂದಿ ವ್ಯಾಪಾರಿಗಳ ಅಂಗಡಿಗಳಿದ್ದವು. 1907ರಲ್ಲಿ ಹುಟ್ಟಿದ ಪಿಟ್ಸ್‌ಬರ್ಗ್ ಕೂರಿಯರ್ ಪತ್ರಿಕೆ ಈ ಜನರ ನಡುವೆಯೇ ಬೆಳೆದು ದೇಶದ ಕಪ್ಪುಜನರ ಪತ್ರಿಕೆಗಳಲ್ಲೇ ಅತ್ಯಂತ ಪ್ರಭಾವಶಾಲಿಗಳಲ್ಲಿ ಒಂದಾಯಿತು. ಅದರ ಪ್ರತಿಗಳನ್ನು ರೈಲಿನ ಪೋರ್ಟರುಗಳು ದಕ್ಷಿಣದ ರಾಜ್ಯಗಳಿಗೆ ಸಾಗಿಸುತ್ತಿದ್ದರು. ಗಸ್ ಗ್ರೀನ್‌ಲೀ ಎಂಬಾತ ‘ನಂಬರ್ಸ್’ ನಡೆಸಿ ಹಣ ಮಾಡಿದ್ದ. ನಮ್ಮ ಓದುಗರಿಗೆ ಅದನ್ನು ಮಟ್ಕಾ ಎಂದರೆ ತಕ್ಷಣ ತಿಳಿಯುತ್ತದೆ. ಕ್ರಾಫರ್ಡ್ ಗ್ರಿಲ್ ಎಂಬ ಜಾಝ್ ಮನೆ ಅವನದು, ಸ್ಯಾಚೆಲ್ ಪೇಜ್ ಮತ್ತು ಜಾಶ್ ಗಿಬ್ಸನ್ ಆಡಿದ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಎಂಬ ಬೇಸ್‌ಬಾಲ್ ತಂಡವೂ ಅವನದೇ. ಬ್ಯಾಂಕುಗಳು ತಿರುಗಿ ನೋಡದ ಜನರಿಗೆ ಇಂಥವರ ಹಣವೇ ಸಾಲವಾಗಿ ಒದಗುತ್ತಿತ್ತು. 1932ರಲ್ಲಿ ಅವನು ತನ್ನ ತಂಡಕ್ಕೆ ಕಟ್ಟಿಸಿದ ಮೈದಾನವನ್ನು 1938ರಲ್ಲೇ ಕೆಡವಿ ಅಲ್ಲಿ ಸರ್ಕಾರಿ ವಸತಿ ಕಟ್ಟಲಾಯಿತು. ಗುಡ್ಡದವರು ಇದನ್ನು ಮುಂದಿನದರ ಮುನ್ಸೂಚನೆ ಎಂದು ಆಗ ತಿಳಿಯಲಿಲ್ಲ, ತಿಳಿಯಲು ಕಾರಣವೂ ಇರಲಿಲ್ಲ.

ಹಾಗೆಂದು ಇದನ್ನೆಲ್ಲ ಸುವರ್ಣಯುಗವೆಂದು ಹಾಡಿ ಹೊಗಳುವುದು ಅಪ್ರಾಮಾಣಿಕತೆಯಾಗುತ್ತದೆ. ಮನೆಗಳ ಸ್ಥಿತಿ ನಿಜಕ್ಕೂ ಕೆಟ್ಟಿತ್ತು. ಒಳಗೆ ಶೌಚಾಲಯವಿಲ್ಲದ, ಬಿಸಿನೀರಿಲ್ಲದ, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಇಕ್ಕಟ್ಟಿನಲ್ಲಿದ್ದ ಮನೆಗಳು ಅನೇಕ. ಆದರೆ ಅವು ಹೇಗೆ ಕೆಟ್ಟವು ಎಂಬ ಪ್ರಶ್ನೆಯನ್ನು ಇವಾನ್ಸ್ ಕೇಳಲಿಲ್ಲ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ನಗರಗಳ ನಕ್ಷೆ ತಯಾರಿಸಿ, ಸಾಲ ಕೊಡಲು ಅಪಾಯಕರವೆಂದು ತೋರಿದ ಭಾಗಗಳಿಗೆ ಕೆಂಪು ಬಣ್ಣ ಬಳಿಯಿತು. ಹಿಲ್ ಕೆಂಪಾಯಿತು. ಸಾಲ ಸಿಗದ ಮಾಲೀಕ ಮನೆ ರಿಪೇರಿ ಮಾಡಿಸಲಿಲ್ಲ, ಬೇರೆಲ್ಲೂ ಮನೆ ಸಿಗದ ಬಾಡಿಗೆದಾರ ಬಿಟ್ಟುಹೋಗಲಾರದೆ ಉಳಿದ, ಬಾಡಿಗೆ ಇಳಿಯಲೇ ಇಲ್ಲ. ಸರ್ಕಾರದ ಒಂದು ಕೈ ಕೆಡಿಸಿದ್ದನ್ನು ಇನ್ನೊಂದು ಕೈ ‘ಕೆಟ್ಟಿದೆ’ ಎಂದು ಬರೆದುಕೊಂಡಿತು.

ಹೀಗೆ ಬರೆದುಕೊಳ್ಳಲು ಬಳಸಿದ ಪದ ‘ಬ್ಲೈಟ್’. ಅದು ಬೆಳೆರೋಗದ ಹೆಸರು, ನಮ್ಮ ರೈತರು ಅಂಗಮಾರಿ ಎನ್ನುವುದು ಅದನ್ನೇ. ಅಂಗಮಾರಿ ತಗುಲಿದ ಗಿಡಕ್ಕೆ ಆರೈಕೆ ಮಾಡುತ್ತ ಕೂರುವವರಿಲ್ಲ, ಪಕ್ಕದ ಸಾಲಿಗೆ ಹಬ್ಬುವ ಮೊದಲು ಕಿತ್ತು ಸುಡುತ್ತಾರೆ. ಒಂದು ಬಡಾವಣೆಗೆ ಆ ಹೆಸರು ಇಟ್ಟ ಗಳಿಗೆಯಲ್ಲೇ ಅದಕ್ಕೆ ಮಾಡಬೇಕಾದ ಉಪಚಾರವೂ ತೀರ್ಮಾನವಾಗಿಬಿಡುತ್ತದೆ.

ಯಂತ್ರ ಕೆಲಸ ಮಾಡಿದ ಬಗೆ

ಎರಡು ಕಾನೂನುಗಳು ಮತ್ತು ಒಂದು ತೀರ್ಪು ಒಂದರ ಮೇಲೊಂದು ಕೂತು ಈ ಕೆಲಸವನ್ನು ಸಾಧ್ಯವಾಗಿಸಿದವು. ಪೆನ್ಸಿಲ್ವೇನಿಯ ರಾಜ್ಯ 1945ರಲ್ಲಿ ನಗರ ಮರುಅಭಿವೃದ್ಧಿ ಕಾನೂನು ತಂದಿತು, ಅದರಡಿಯಲ್ಲಿ 1946ರಲ್ಲಿ ಪಿಟ್ಸ್‌ಬರ್ಗ್‌ನ ಮರುಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. ‘ಬ್ಲೈಟ್’ ಎಂದು ಘೋಷಿತವಾದ ಪ್ರದೇಶವನ್ನು ಸ್ವಾಧೀನಪಡಿಸಿಕೊಂಡು, ತೆರವು ಮಾಡಿ, ಖಾಸಗಿಯವರಿಗೆ ಮಾರುವ ಅಧಿಕಾರ ಈ ಪ್ರಾಧಿಕಾರಕ್ಕೆ ಸಿಕ್ಕಿತು. 1949ರ ಕೇಂದ್ರದ ವಸತಿ ಕಾನೂನು ಹಣದ ದಾರಿ ತೆರೆಯಿತು. ನೆಲ ಕೊಂಡು ಕೆಡವಿದ ಖರ್ಚಿನಿಂದ ಮಾರಾಟದಲ್ಲಿ ಬಂದದ್ದನ್ನು ಕಳೆದು ಉಳಿಯುವ ನಷ್ಟದಲ್ಲಿ ಮೂರನೇ ಎರಡು ಪಾಲನ್ನು ಕೇಂದ್ರವೇ ಭರಿಸುವ ಏರ್ಪಾಡು ಅದು. ಕೆಡವಲು ನಗರ ತನ್ನ ಜೇಬಿನಿಂದ ಕೊಡಬೇಕಾದದ್ದು ಕಡಿಮೆ, ರಿಪೇರಿ ಮಾಡಲು ಕೊಡಬೇಕಾದದ್ದು ಹೆಚ್ಚು ಎಂದಾದಾಗ ಯಾವ ನಗರಸಭೆಯಾದರೂ ಏನನ್ನು ಆರಿಸಿಕೊಳ್ಳುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮೂರನೆಯದು ನ್ಯಾಯಾಲಯದ ಮುದ್ರೆ. ವಾಷಿಂಗ್ಟನ್ ನಗರದಲ್ಲಿ ಒಳ್ಳೆಯ ಸ್ಥಿತಿಯಲ್ಲಿದ್ದ ಅಂಗಡಿಯೊಂದರ ಮಾಲೀಕರು, ಸುತ್ತಲಿನ ಕಟ್ಟಡಗಳು ಹಾಳಾಗಿವೆ ಎಂಬ ಕಾರಣಕ್ಕೆ ತಮ್ಮದನ್ನೂ ಕಿತ್ತುಕೊಳ್ಳಬಹುದೇ ಎಂದು ಪ್ರಶ್ನಿಸಿದ್ದರು. 1954ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ, ಪ್ರದೇಶವನ್ನು ಇಡಿಯಾಗಿ ನೋಡಬಹುದು, ಕಟ್ಟಡ ಕಟ್ಟಡವನ್ನೂ ಬೇರೆ ಬೇರೆ ಅಳೆಯಬೇಕಾಗಿಲ್ಲ ಎಂದು ತೀರ್ಪಿತ್ತಿತು.

ಊರಿನಲ್ಲಿ ಇದನ್ನು ಮುನ್ನಡೆಸಿದವರು ಡೆಮಾಕ್ರಟಿಕ್ ಪಕ್ಷದ ಮೇಯರ್ ಡೇವಿಡ್ ಲಾರೆನ್ಸ್ ಮತ್ತು ಬ್ಯಾಂಕು, ಕೈಗಾರಿಕೆಗಳ ಒಡೆತನವಿದ್ದ ರಿಪಬ್ಲಿಕನ್ ಮನೆತನದ ರಿಚರ್ಡ್ ಕಿಂಗ್ ಮೆಲನ್. ಹೊಗೆಯಿಂದ ಹಗಲಲ್ಲೂ ದೀಪ ಹಚ್ಚಬೇಕಾಗಿದ್ದ ಊರನ್ನು ಈ ಜೋಡಿ ಶುಚಿಗೊಳಿಸಿತ್ತು, ಆದ್ದರಿಂದ ಅವರ ಮಾತಿಗೆ ಬೆಲೆಯಿತ್ತು. ಗುಡ್ಡದ ಒಳಗಿನಿಂದಲೂ ಬೆಂಬಲ ಬಂದಿತ್ತು ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ರಾಜ್ಯದ ಶಾಸನಸಭೆಯಲ್ಲಿದ್ದ ಕಪ್ಪುಜನರ ನಾಯಕ ಹೋಮರ್ ಬ್ರೌನ್ ಮರುಅಭಿವೃದ್ಧಿ ಕಾನೂನಿನ ಪರವಾಗಿದ್ದರು, ಕೂರಿಯರ್ ಪತ್ರಿಕೆಯೂ ಮೊದಲಲ್ಲಿ ಯೋಜನೆಯನ್ನು ಸ್ವಾಗತಿಸಿತ್ತು. ಅವರನ್ನು ಮೋಸಹೋದವರೆಂದು ಕರೆಯಲು ನನಗೆ ಮನಸ್ಸಿಲ್ಲ. ನಲ್ಲಿಯಲ್ಲಿ ಬಿಸಿನೀರು, ಒಳಗೊಂದು ಶೌಚಾಲಯ, ಮಕ್ಕಳಿಗೆ ಗಾಳಿ ಬೆಳಕು ಬೇಕೆಂದು ಬಯಸಿದವರು ಅವರು. ಹಳೆಯ ಮನೆ ಹೋದ ಜಾಗದಲ್ಲಿ ಹೊಸ ಮನೆ ಬರುತ್ತದೆ ಎಂದು ನಂಬಿದ್ದರು.

1955ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಲೋಯರ್ ಹಿಲ್ ಯೋಜನೆಗೆ ಒಪ್ಪಿಗೆ ಕೊಟ್ಟು 1.74 ಕೋಟಿ ಡಾಲರ್ ಸಾಲ ಮತ್ತು ಅನುದಾನವನ್ನು ಮಂಜೂರು ಮಾಡಿತು. 95 ಎಕರೆ ನೆಲ, ಅದರ ಮೇಲಿನ 1,300 ಕಟ್ಟಡಗಳು, 8,000ಕ್ಕೂ ಹೆಚ್ಚು ಜನ. ಕುಟುಂಬಗಳ ಲೆಕ್ಕದಲ್ಲಿ 1,239 ಕಪ್ಪುಜನರವು, 312 ಬಿಳಿಯರವು. ಇವರಲ್ಲಿ ಶೇಕಡ 35ರಷ್ಟು ಕುಟುಂಬಗಳು ಸರ್ಕಾರಿ ವಸತಿ ಸಮುಚ್ಚಯಗಳಿಗೆ ಹೋದವು, ಶೇಕಡ 31ರಷ್ಟು ಬೇರೆ ಕಡೆ ಬಾಡಿಗೆ ಹಿಡಿದವು, ಸ್ವಂತ ಮನೆ ಕೊಂಡವು ಶೇಕಡ 8 ಮಾತ್ರ. ಸುಮಾರು 90 ಕುಟುಂಬಗಳು ಜಾಗ ಬಿಡಲು ಒಪ್ಪದೆ ಕೊನೆಗೆ ಇನ್ನಷ್ಟು ಕೆಟ್ಟ ಮನೆಗಳನ್ನು ಸೇರಿದವು.

ಸ್ಥಳಾಂತರದ ನೆರವಿಗೆ ಸಂಬಂಧಿಸಿದಂತೆ 1956ರ ಕೇಂದ್ರ ಕಾನೂನು ಹಾಕಿದ ಮಿತಿಯನ್ನು ಗಮನಿಸಬೇಕು: ಕುಟುಂಬವೊಂದಕ್ಕೆ ಹೆಚ್ಚೆಂದರೆ 100 ಡಾಲರ್, ವ್ಯಾಪಾರಕ್ಕೆ ಹೆಚ್ಚೆಂದರೆ 2,000 ಡಾಲರ್. ಅದು ಸಾಮಾನು ಸಾಗಿಸುವ ಖರ್ಚು ಅಷ್ಟೇ. ಕಟ್ಟಡದ ಬೆಲೆ ಮಾಲೀಕನಿಗೆ ಸಲ್ಲುತ್ತಿತ್ತು, ಬಾಡಿಗೆಗಿದ್ದವನಿಗೆ ಬೇರೇನೂ ಇರಲಿಲ್ಲ. ಒಕ್ಕಲೆಬ್ಬಿಸಿದವರಿಗೆ ಇಡೀ ದೇಶದಲ್ಲಿ ಒಂದೇ ತೆರನಾದ, ಮರ್ಯಾದೆಯ ನೆರವನ್ನು ಕಡ್ಡಾಯ ಮಾಡಿದ ಕಾನೂನು ಬಂದದ್ದು 1970ರಲ್ಲಿ, ಲೋಯರ್ ಹಿಲ್ ಬಯಲಾಗಿ ಒಂದು ದಶಕ ಕಳೆದ ಮೇಲೆ.

ಕನ್ನಡದಲ್ಲಿ ಇದಕ್ಕೆ ಎರಡು ಪದಗಳಿವೆ. ಒಂದು ಒಕ್ಕಲೆಬ್ಬಿಸುವುದು, ಇನ್ನೊಂದು ಎತ್ತಂಗಡಿ. ಮೊದಲನೆಯದರಲ್ಲಿ ಸಂಸಾರ ಏಳುತ್ತದೆ, ಎರಡನೆಯದರಲ್ಲಿ ಅಂಗಡಿ. ಲೋಯರ್ ಹಿಲ್‌ನಲ್ಲಿ ಎರಡೂ ಎದ್ದವು, ಆದರೆ ಎದ್ದ ಅಂಗಡಿ ಇನ್ನೊಂದು ಕಡೆ ಕೂತದ್ದು ಅಪರೂಪ. ಸುಮಾರು 400 ವ್ಯಾಪಾರಗಳು ಹೋದವು. ಕ್ಷೌರದಂಗಡಿಗೆ ಬೇಕಾದದ್ದು ಕುರ್ಚಿ ಕನ್ನಡಿಗಳಿಗಿಂತ ಹೆಚ್ಚಾಗಿ ಆ ಬೀದಿಯ ತಲೆಗಳು. ಗಿರಾಕಿಗಳು ಹೋಮ್‌ವುಡ್, ಈಸ್ಟ್ ಲಿಬರ್ಟಿ ಎಂದು ದಿಕ್ಕಿಗೊಬ್ಬರಂತೆ ಚದುರಿದ ಮೇಲೆ ಅಂಗಡಿಯನ್ನು ಎತ್ತಿ ಎಲ್ಲಿ ಇಟ್ಟರೂ ಅದು ಹಳೆಯ ಅಂಗಡಿಯಾಗಲಾರದು.

ಎರಡು ಚರ್ಚುಗಳು

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಎರಡು ಚರ್ಚುಗಳ ಗತಿ. ಬೆತೆಲ್ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ 1808ರಲ್ಲಿ ಹುಟ್ಟಿದ್ದು, ಊರಿನ ಕಪ್ಪುಜನರ ಸಭೆಗಳಲ್ಲೇ ಅತ್ಯಂತ ಹಳೆಯದು. ವೈಲಿ ಅವೆನ್ಯೂ ಮತ್ತು ಎಲ್ಮ್ ಬೀದಿಯ ಮೂಲೆಯಲ್ಲಿ 1906ರಲ್ಲಿ ಅದು ಕಟ್ಟಿಕೊಂಡ ಇಟ್ಟಿಗೆಯ ಭವ್ಯ ಕಟ್ಟಡ ಯಾರ ಲೆಕ್ಕದಲ್ಲೂ ಕೊಳೆಗೇರಿಯ ಗುಡಿಸಲಲ್ಲ. ಸಭೆಗೆ ಸೇರಿದವರು ಸಾವಿರಾರು ಜನ. 1957ರಲ್ಲಿ ಅದನ್ನು ಕೆಡವಲಾಯಿತು. ಕೊಟ್ಟ ಪರಿಹಾರ ಕಟ್ಟಡದ ನಿಜಬೆಲೆಯ ಹತ್ತಿರಕ್ಕೂ ಬರಲಿಲ್ಲ ಎಂಬುದು ಸಭೆಯ ದೂರು. ತೆರವಾದ ಅದೇ ಪ್ರದೇಶದ ಇನ್ನೊಂದು ಅಂಚಿನಲ್ಲಿ ಕ್ಯಾಥೊಲಿಕರ ಎಪಿಫನಿ ಚರ್ಚು ಇತ್ತು, ಹೆಚ್ಚುಕಡಿಮೆ ಅದೇ ಕಾಲದ ಕಟ್ಟಡ. ಅದು ಉಳಿಯಿತು, ಇಂದಿಗೂ ಇದೆ. ಪ್ರದೇಶವನ್ನು ಇಡಿಯಾಗಿ ನೋಡಬೇಕು, ಕಟ್ಟಡ ಕಟ್ಟಡವನ್ನೂ ಬೇರೆಯಾಗಿ ಅಳೆಯಬೇಕಾಗಿಲ್ಲ ಎಂಬ ತತ್ತ್ವ ಒಂದು ಚರ್ಚಿಗೆ ಅನ್ವಯವಾಯಿತು, ಇನ್ನೊಂದಕ್ಕೆ ಆಗಲಿಲ್ಲ. ಬೆತೆಲ್ ಸಭೆಯವರ ನೆನಪಿನಲ್ಲಿ ಮೂರು ತಲೆಮಾರು ಕಳೆದರೂ ಮುಳ್ಳಿನಂತೆ ಉಳಿದದ್ದು ಕೆಡವಿದ್ದಕ್ಕಿಂತ ಹೆಚ್ಚಾಗಿ ಈ ಹೋಲಿಕೆ.

ತೆರವಾದ ನೆಲದ ಮೇಲೆ 1961ರ ಸೆಪ್ಟೆಂಬರಿನಲ್ಲಿ ಸಿವಿಕ್ ಅರೀನಾ ತೆರೆಯಿತು. ಬೋಗುಣಿ ಕವುಚಿಟ್ಟಂತೆ ಹೊಳೆಯುವ ತುಕ್ಕುಹಿಡಿಯದ ಉಕ್ಕಿನ ಗುಮ್ಮಟ, 415 ಅಡಿ ವ್ಯಾಸ, ಎಂಟು ದಳಗಳ ಛಾವಣಿಯಲ್ಲಿ ಆರು ದಳಗಳು ಗುಂಡಿ ಒತ್ತಿದರೆ ಸರಿದು ಎರಡೂವರೆ ನಿಮಿಷದಲ್ಲಿ ಆಕಾಶ ಕಾಣುತ್ತಿತ್ತು. ಬೇಸಿಗೆಯ ರಾತ್ರಿಗಳಲ್ಲಿ ನಕ್ಷತ್ರಗಳ ಕೆಳಗೆ ಲಘು ಸಂಗೀತ ನಾಟಕ ನೋಡಬೇಕೆಂಬ ಶ್ರೀಮಂತರ ಆಸೆಯಿಂದ ಹುಟ್ಟಿದ ಕಟ್ಟಡ ಅದು. ಗುಮ್ಮಟದೊಳಗೆ ದನಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಒಂದು ದಶಕ ಕಳೆಯುವಷ್ಟರಲ್ಲಿ ಸಂಗೀತ ನಾಟಕದವರು ಬೇರೆ ಕಡೆ ಹೋದರು, ಐಸ್ ಹಾಕಿಯ ಪೆಂಗ್ವಿನ್ಸ್ ತಂಡ ಉಳಿದುಕೊಂಡಿತು. ಸುತ್ತ ಬರಬೇಕಿದ್ದ ಕಲಾಕೇಂದ್ರ, ಸಂಗೀತ ಮಂದಿರಗಳು ಬರಲೇ ಇಲ್ಲ. ಊರಿನ ಸಿಂಫನಿಗೆ ಪೇಟೆಯ ಹಳೆಯ ಸಿನಿಮಾ ಮಂದಿರವೊಂದನ್ನೇ ದುರಸ್ತಿ ಮಾಡಿ 1971ರಲ್ಲಿ ಹೈಂಜ್ ಹಾಲ್ ಎಂದು ತೆರೆದರು. ಗುಡ್ಡದ ಮನೆಗಳಿಗೆ ಸಿಗದ ದುರಸ್ತಿಯ ಭಾಗ್ಯ ಆ ಸಿನಿಮಾ ಮಂದಿರಕ್ಕೆ ಸಿಕ್ಕಿತು. ತೆರವಾದ ನೆಲದಲ್ಲಿ ಮನೆಗಳೆಂದು ಎದ್ದದ್ದು 1964ರ ಹೊತ್ತಿಗೆ ವಾಸ್ತುಶಿಲ್ಪಿ ಐ.ಎಂ. ಪೇ ವಿನ್ಯಾಸದ ಒಂದು ಎತ್ತರದ ಕಟ್ಟಡ, ಅದರ ಬಾಡಿಗೆ ಎದ್ದುಹೋದವರಿಗೆ ಎಟುಕುವಂಥದಲ್ಲ. ಉಳಿದದ್ದರಲ್ಲಿ ಬಹುಪಾಲು ಕಾರು ನಿಲ್ಲಿಸುವ ಜಾಗ. ಪಕ್ಕದಲ್ಲೇ ತಗ್ಗಿನಲ್ಲಿ ಹಾಕಿದ ಹೆದ್ದಾರಿ ಗುಡ್ಡದಿಂದ ಪೇಟೆಗೆ ಕಾಲುನಡಿಗೆಯ ದಾರಿಯನ್ನೇ ತುಂಡರಿಸಿತು.

ಇಲ್ಲಿಂದ ಮುಂದಿಲ್ಲ

ಕೆಡವುವಿಕೆ ಕ್ರಾಫರ್ಡ್ ಬೀದಿಯವರೆಗೆ ಬಂದು ನಿಂತಿತ್ತು. ನಗರದ ಯೋಜಕರ ಕಣ್ಣು ಅದರಾಚೆಗೂ ಇತ್ತು. ಕ್ರಾಫರ್ಡ್ ಬೀದಿ ಸೆಂಟರ್ ಅವೆನ್ಯೂವನ್ನು ಕೂಡುವ ಮೂಲೆಯಲ್ಲಿ 1960ರ ದಶಕದ ಕೊನೆಯಲ್ಲಿ ಒಂದು ದೊಡ್ಡ ಫಲಕ ಎದ್ದಿತು. ನಗರಸಭೆಯನ್ನೂ ಪ್ರಾಧಿಕಾರವನ್ನೂ ಹೆಸರು ಹಿಡಿದು ಕರೆದು, ಈ ಜಾಗದಿಂದಾಚೆಗೆ ಮರುಅಭಿವೃದ್ಧಿ ಇಲ್ಲ ಎಂದು ಅದು ಸಾರುತ್ತಿತ್ತು, ಲೋಯರ್ ಹಿಲ್‌ನಲ್ಲಿ ಕಡಿಮೆ ಆದಾಯದವರಿಗೆ ಮನೆ ಬೇಕು ಎಂದು ಕೇಳುತ್ತಿತ್ತು. ಗಮನಿಸಬೇಕಾದದ್ದು ಎರಡನೆಯ ಸಾಲು. ಕಟ್ಟಡಗಳು ಹೋಗಿ ವರ್ಷಗಳಾಗಿದ್ದ, ಕಾರುಗಳು ನಿಂತಿದ್ದ ಬಯಲನ್ನು ಅವರು ಇನ್ನೂ ತಮ್ಮದೆಂದೇ ಎಣಿಸಿ ಅಲ್ಲಿ ಮನೆ ಕೇಳುತ್ತಿದ್ದರು. ಉಳಿದದ್ದನ್ನು ಉಳಿಸಿಕೊಳ್ಳುವ ಮಾತಿನ ಜೊತೆಗೆ ಹೋದದ್ದರ ಬಾಕಿಯೂ ಅದೇ ಹಲಗೆಯ ಮೇಲಿತ್ತು.

1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದಾಗ ಗುಡ್ಡ ಹೊತ್ತಿ ಉರಿಯಿತು, ಸೆಂಟರ್ ಅವೆನ್ಯೂವಿನ ಅಂಗಡಿಗಳು ಸುಟ್ಟವು. ಗುಡ್ಡದ ಅವನತಿಗೆ ಆ ಒಂದು ವಾರವೇ ಕಾರಣ ಎಂಬ ವಿವರಣೆ ಊರಿನಲ್ಲಿ ಬಹುಕಾಲ ನಡೆಯಿತು. ಹನ್ನೆರಡು ವರ್ಷ ಮೊದಲೇ ಕೆಳಭಾಗ ಕತ್ತರಿಸಿಹೋಗಿತ್ತು ಎಂಬುದನ್ನು ಆ ವಿವರಣೆ ಮರೆಸುತ್ತದೆ. 1950ರಿಂದ 1990ರ ನಡುವೆ ಹಿಲ್ ಡಿಸ್ಟ್ರಿಕ್ಟ್ ತನ್ನ ಜನರಲ್ಲಿ ಶೇಕಡ 71ರಷ್ಟನ್ನು ಕಳೆದುಕೊಂಡಿತು.

ಹಿಲ್‌ನ ಬದುಕನ್ನು ನಾಟಕಕ್ಕೆ ತಂದ ಆಗಸ್ಟ್ ವಿಲ್ಸನ್ ಬೆಡ್‌ಫರ್ಡ್ ಅವೆನ್ಯೂವಿನ 1727ನೇ ಮನೆಯಲ್ಲಿ 1945ರಲ್ಲಿ ಹುಟ್ಟಿ ಬೆಳೆದವರು. ದಶಕಕ್ಕೊಂದರಂತೆ ಅವರು ಬರೆದ ಹತ್ತು ನಾಟಕಗಳಲ್ಲಿ ಒಂಬತ್ತು ಈ ಗುಡ್ಡದಲ್ಲೇ ನಡೆಯುತ್ತವೆ. ಅವುಗಳಲ್ಲಿ ಒಂದರಲ್ಲಿ, 1969ರ ಕಥೆಯಲ್ಲಿ, ಹೋಟೆಲಿನ ಮಾಲೀಕನೊಬ್ಬ ತನ್ನ ಕಟ್ಟಡವನ್ನು ನಗರಸಭೆ ಕೊಳ್ಳುವುದಾದರೆ 25,000 ಡಾಲರಿಗೆ ಒಂದು ಕಾಸು ಕಡಿಮೆಯಾದರೂ ಒಪ್ಪುವುದಿಲ್ಲವೆಂದು ಪಟ್ಟು ಹಿಡಿಯುತ್ತಾನೆ, ಕೊನೆಗೆ 35,000 ಸಿಗುತ್ತದೆ. ನೋಡುವವರಿಗೆ ಖುಷಿಯಾಗುವ ಗೆಲುವು. ಆದರೆ ಆ ಹೋಟೆಲಿನಲ್ಲಿ ದಿನವೂ ಬಂದು ಕೂರುತ್ತಿದ್ದವರಿಗೆ ಆ ಹಣದಲ್ಲಿ ಪಾಲಿಲ್ಲ, ಅವರು ಕೂರುವ ಜಾಗವಷ್ಟೇ ಹೋಗುತ್ತದೆ. ಮನೋವೈದ್ಯೆ ಮಿಂಡಿ ಫುಲ್ಲಿಲವ್ ಹಿಲ್ ಸೇರಿದಂತೆ ಕೆಲವು ಊರುಗಳನ್ನು ಅಧ್ಯಯನ ಮಾಡಿ, ಬೇರು ಕಿತ್ತ ಗಿಡಕ್ಕೆ ಆಗುವ ಆಘಾತಕ್ಕೆ ತೋಟಗಾರಿಕೆಯಲ್ಲಿರುವ ಹೆಸರನ್ನೇ ಈ ಸ್ಥಿತಿಗೂ ಇಟ್ಟರು. ಅಂಗಮಾರಿ ಎಂಬ ಪದಕ್ಕೆ ಅದೇ ತೋಟದಿಂದ ಬಂದ ಉತ್ತರವದು. ರೋಗ ಗಿಡದಲ್ಲಿರಲಿಲ್ಲ, ಕಿತ್ತದ್ದರಿಂದ ಬಂತು.

ಗುಮ್ಮಟವೂ ಕೆಳಗಿಳಿಯಿತು

2007ರಲ್ಲಿ ಪೆಂಗ್ವಿನ್ಸ್ ತಂಡ ಊರು ಬಿಡುವ ಬೆದರಿಕೆ ಹಾಕಿ ಹೊಸ ಕ್ರೀಡಾಂಗಣದ ಒಪ್ಪಂದ ಮಾಡಿಕೊಂಡಿತು. ಹಳೆಯ ಅರೀನಾ ಮತ್ತು ಅದರ ಸುತ್ತಲಿನ 28 ಎಕರೆಯ ಅಭಿವೃದ್ಧಿ ಹಕ್ಕೂ ಆ ಒಪ್ಪಂದದಲ್ಲಿ ತಂಡದ ಪಾಲಾಯಿತು. ಗುಡ್ಡದವರು ಈ ಸಲ ಫಲಕ ನೆಟ್ಟು ಸುಮ್ಮನಾಗಲಿಲ್ಲ. ಚರ್ಚುಗಳು, ಕಾರ್ಮಿಕ ಸಂಘಗಳು, ನಿವಾಸಿಗಳ ಗುಂಪುಗಳು ‘ಒನ್ ಹಿಲ್’ ಎಂಬ ಒಕ್ಕೂಟ ಕಟ್ಟಿಕೊಂಡು 2008ರ ಆಗಸ್ಟಿನಲ್ಲಿ ನಗರ, ಜಿಲ್ಲಾಡಳಿತ ಮತ್ತು ತಂಡದೊಂದಿಗೆ ಸಮುದಾಯ ಪ್ರಯೋಜನ ಒಪ್ಪಂದಕ್ಕೆ ಸಹಿ ಹಾಕಿಸಿದರು. ಅದರಲ್ಲಿ ಸ್ಥಳೀಯರಿಗೆ ಕೆಲಸದಲ್ಲಿ ಆದ್ಯತೆ, ಗುಡ್ಡದ ಸಮಗ್ರ ಯೋಜನೆ ಮತ್ತು ಒಂದು ದಿನಸಿ ಅಂಗಡಿಯ ಮಾತು ಇತ್ತು. ದಿನಸಿ ಅಂಗಡಿ ಎಂಬುದು ಕೇಳಲು ಸಣ್ಣ ವಿಷಯ, ಆದರೆ ದಶಕಗಳಿಂದ ಗುಡ್ಡದಲ್ಲಿ ಒಂದು ಪೂರ್ಣ ಪ್ರಮಾಣದ ಸೂಪರ್‌ಮಾರ್ಕೆಟ್ ಇರಲಿಲ್ಲ. ತರಕಾರಿಗೂ ಎರಡು ಬಸ್ಸು ಹಿಡಿಯಬೇಕಾದವರಿಗೆ ಅದರ ಬೆಲೆ ಗೊತ್ತು. 2013ರಲ್ಲಿ ಅಂಗಡಿ ತೆರೆಯಿತು, 2019ರಲ್ಲಿ ಮುಚ್ಚಿತು. ಮೂರನೇ ಎರಡು ಪಾಲಿಗಿಂತ ಹೆಚ್ಚು ಗಿರಾಕಿಗಳನ್ನು ಮೊದಲೇ ಎತ್ತಿ ಕಳಿಸಿದ ಜಾಗದಲ್ಲಿ ಅಂಗಡಿ ನಿಲ್ಲುವುದು ಕಷ್ಟವೆಂದು ವೈಲಿ ಅವೆನ್ಯೂವಿನ ಕ್ಷೌರಿಕನಾದರೂ ಹೇಳುತ್ತಿದ್ದ.

ಇದೇ ಸಮಯಕ್ಕೆ ಒಂದು ವಿಚಿತ್ರ ಜಗಳ ಹುಟ್ಟಿತು. ಹೊಸ ಕ್ರೀಡಾಂಗಣ 2010ರಲ್ಲಿ ತೆರೆದ ಮೇಲೆ ಹಳೆಯ ಗುಮ್ಮಟವನ್ನು ಕೆಡವಬಾರದು, ಅದು ಇಂಜಿನಿಯರಿಂಗ್ ಪರಂಪರೆಯ ಅಪರೂಪದ ಸ್ಮಾರಕ ಎಂದು ಪರಂಪರೆ ಸಂರಕ್ಷಕರು ಅರ್ಜಿ ಹಾಕಿದರು. ಗುಡ್ಡದ ಬಹಳ ಜನಕ್ಕೆ ಅದು ಉಳಿಯುವುದು ಬೇಕಿರಲಿಲ್ಲ. ನೆನಪಿನ ವಿರುದ್ಧ ಮರೆವು ಎಂದು ಈ ಜಗಳವನ್ನು ಓದಿದರೆ ತಪ್ಪಾಗುತ್ತದೆ. ಇಬ್ಬರ ಕೈಯಲ್ಲೂ ನೆನಪೇ ಇತ್ತು. ಒಬ್ಬರದು ಗುಮ್ಮಟದೊಳಗೆ ಕೇಳಿದ ಸಂಗೀತ ಮತ್ತು ನೋಡಿದ ಪಂದ್ಯಗಳ ನೆನಪು, ಇನ್ನೊಬ್ಬರದು ಗುಮ್ಮಟದಡಿಯಲ್ಲಿ ಹೂತುಹೋದ ಬೀದಿಗಳ ನೆನಪು. ಮೊದಲನೆಯದಕ್ಕೆ ಪರಂಪರೆ ಎಂಬ ಕಾನೂನಿನ ಹೆಸರು ಸಿಗುತ್ತಿತ್ತು, ಏಕೆಂದರೆ ಅದಕ್ಕೊಂದು ಕಟ್ಟಡ ಇತ್ತು. ಎರಡನೆಯದಕ್ಕೆ ಆ ಹೆಸರು ಸಿಗಲು ಬೇಕಾದ ಕಟ್ಟಡಗಳನ್ನೇ ಮೊದಲು ಕೆಡವಲಾಗಿತ್ತು. 2012ರ ಹೊತ್ತಿಗೆ ಗುಮ್ಮಟ ನೆಲಸಮವಾಯಿತು. ನಂತರದ ಬಹಳ ವರ್ಷ ಆ 28 ಎಕರೆಯಲ್ಲಿ ಇದ್ದದ್ದು ಹಣ ಕೊಟ್ಟು ಕಾರು ನಿಲ್ಲಿಸುವ ಬಯಲು.

ಈಚೆಗೆ ಅಲ್ಲಿ ಬದಲಾವಣೆಗಳಾಗಿವೆ. ಹೆದ್ದಾರಿಯ ತಗ್ಗಿನ ಮೇಲೆ ಚಪ್ಪಡಿ ಹಾಸಿ 3 ಎಕರೆಯ ಉದ್ಯಾನ ಮಾಡಿ 2021ರಲ್ಲಿ ತೆರೆದರು. ಕ್ರಾಫರ್ಡ್ ಬೀದಿಯಾಚೆಗಿನ ಕೆಡವುವಿಕೆಯ ವಿರುದ್ಧ ಹೋರಾಡಿದ, ಗುಡ್ಡದಲ್ಲಿ ಸಂಗೀತದ ಅಂಗಡಿ ಇಟ್ಟಿದ್ದ ಫ್ರಾಂಕಿ ಪೇಸ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಪಕ್ಕದಲ್ಲಿ ಬ್ಯಾಂಕೊಂದರ 26 ಮಹಡಿಯ ಕಟ್ಟಡ ಎದ್ದಿದೆ. ಅಲ್ಲೇ ಯೋಜಿಸಿದ ಸಂಗೀತ ಸಭಾಂಗಣದ ಹೆಸರಿನಲ್ಲಿ ವೈಲಿ ಎಂಬ ಪದ ಮರಳಿ ಬಂದಿದೆ. ಹೆಸರುಗಳು ಮರಳುವುದಕ್ಕೆ ನನ್ನ ತಕರಾರಿಲ್ಲ, ಆದರೆ ಹೆಸರು ಅತ್ಯಂತ ಅಗ್ಗದ ಪರಿಹಾರ ಎಂಬುದನ್ನು ಹೇಳಲೇಬೇಕು. ಉದ್ಯಾನಕ್ಕೆ ಹೋರಾಟಗಾರ್ತಿಯ ಹೆಸರಿಟ್ಟರೆ ಅವರು ಕೇಳಿದ ಮನೆಗಳನ್ನು ಕಟ್ಟಿದಂತಾಗುವುದಿಲ್ಲ.

ಹಾಗಿರುವಾಗ 2023ರ ಏಪ್ರಿಲ್‌ನಲ್ಲಿ ಬಂದ ಸುದ್ದಿ ಬೇರೆಯೇ ಜಾತಿಯದು. ಬೆತೆಲ್ ಸಭೆಗೆ ಹಳೆಯ ಚರ್ಚಿದ್ದ ಜಾಗದ ಸಮೀಪದಲ್ಲಿ ಒಂದೂವರೆ ಎಕರೆ ನೆಲವನ್ನು ಬಿಟ್ಟುಕೊಡಲು ಪೆಂಗ್ವಿನ್ಸ್ ಒಪ್ಪಿತು. ಅಲ್ಲಿ ಮನೆಗಳನ್ನು ಕಟ್ಟುವ ಇರಾದೆ ಸಭೆಗೆ ಇದೆ. ಕೆಡವಿ ಅರುವತ್ತಾರು ವರ್ಷಗಳಾದ ಮೇಲೆ ಆ ನೆಲದ ತುಂಡೊಂದು ಕಳೆದುಕೊಂಡವರ ಕೈಗೇ ಮರಳುವ ಒಪ್ಪಂದ ಅಮೆರಿಕದ ನಗರ ನವೀಕರಣದ ಚರಿತ್ರೆಯಲ್ಲಿ ತೀರ ಅಪರೂಪ. ಡೆಟ್ರಾಯಿಟ್‌ನ ಬ್ಲ್ಯಾಕ್ ಬಾಟಮ್, ಸೇಂಟ್ ಪಾಲ್‌ನ ರೊಂಡೊ, ಡರ್ಹಮ್‌ನ ಹೇಟಿ, ಹೀಗೆ ಹೆದ್ದಾರಿ ಮತ್ತು ನವೀಕರಣಗಳ ಅಡಿ ಹೋದ ಬಡಾವಣೆಗಳವರು ಇದನ್ನು ಕಣ್ಣಿಟ್ಟು ನೋಡುವುದು ಸಹಜ.

ಬೆತೆಲ್‌ಗೆ ಇದು ಸಾಧ್ಯವಾದದ್ದು ಹೇಗೆಂದು ಬಿಡಿಸಿ ನೋಡಿದರೆ ಈ ಪ್ರಕರಣದ ಮುಖ್ಯ ಗಂಟು ಕಾಣುತ್ತದೆ. ಸಭೆ ಸಾಯಲಿಲ್ಲ. 1959ರಲ್ಲಿ ಗುಡ್ಡದ ಮೇಲ್ಭಾಗದಲ್ಲಿ ಬೇರೆ ಕಟ್ಟಡ ಮಾಡಿಕೊಂಡು ಅದು ಅದೇ ಹೆಸರಿನಲ್ಲಿ ಮುಂದುವರಿಯಿತು, ಅದಕ್ಕೆ ನೆಲದ ಕ್ರಯಪತ್ರವಿತ್ತು, ದಾಖಲೆ ಪುಸ್ತಕಗಳಿದ್ದವು, ಪ್ರತಿ ಭಾನುವಾರ ಎದ್ದು ನಿಂತು ಆ ಕಥೆ ಹೇಳುವ ಪಾದ್ರಿ ಇದ್ದರು, ಕೇಳುವ ಮಕ್ಕಳಿದ್ದರು. ಫುಲರ್ಟನ್ ಬೀದಿಯ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದ ಸಂಸಾರಕ್ಕೆ ಇವುಗಳಲ್ಲಿ ಯಾವುದೂ ಇರಲಿಲ್ಲ. ಅದರ ನೆನಪು ಬೆತೆಲ್‌ನ ನೆನಪಿಗಿಂತ ಕಡಿಮೆ ತೂಕದ್ದಲ್ಲ, ಆದರೆ ಅದನ್ನು ಹಿಡಿದುಕೊಂಡು ಕಚೇರಿಯ ಬಾಗಿಲಿಗೆ ಹೋಗಲು ಒಂದು ಕಾಗದ ಬೇಕು. ಪಹಣಿಯಲ್ಲಿ ಹೆಸರಿಲ್ಲದವನು ಕಚೇರಿಯಲ್ಲಿ ಏನು ಕೇಳಬೇಕಾಗುತ್ತದೆ ಎಂಬುದು ನಮ್ಮವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. 1956ರ ಹಣಕಾಸಿನ ಲೆಕ್ಕ ಮಾಲೀಕನನ್ನು ಮಾತ್ರ ಕಂಡಿತ್ತು. ಇಂದಿನ ನ್ಯಾಯದ ಲೆಕ್ಕ ಉದಾರವಾಗಿದ್ದರೂ ಅದೇ ಕಣ್ಣಿನಿಂದ ನೋಡುತ್ತಿದೆ. ನೆಲವಿದ್ದವನಿಗೆ ನೆಲ, ಬಾಡಿಗೆಗಿದ್ದವನಿಗೆ ಸ್ಮಾರಕ. ಒಟ್ಟು ಬಡಾವಣೆಯ ಹೆಸರಿನಲ್ಲಿ ಆಗುವ ಒಪ್ಪಂದಗಳು ಈಗ ಗುಡ್ಡದಲ್ಲಿ ಇರುವವರಿಗೆ ಸಲ್ಲುತ್ತವೆ, ಹೋಮ್‌ವುಡ್‌ಗೋ ಇನ್ನೆಲ್ಲಿಗೋ ಹೋಗಿ ಅಲ್ಲೇ ಮುದುಕರಾದವರಿಗಲ್ಲ.

ಅವರ ಹೆಸರುಗಳು ಸ್ವಲ್ಪಮಟ್ಟಿಗಾದರೂ ದಾಖಲಾಗುತ್ತಿರುವುದು ಅನಿರೀಕ್ಷಿತ ಜಾಗವೊಂದರಲ್ಲಿ. ಕೂರಿಯರ್‌ನ ಛಾಯಾಗ್ರಾಹಕ ಚಾರ್ಲ್ಸ್ ಹ್ಯಾರಿಸ್ ಅವರನ್ನು ಎಲ್ಲರೂ ಟೀನಿ ಎನ್ನುತ್ತಿದ್ದರು. ಒಂದೇ ಕ್ಲಿಕ್ಕಿನಲ್ಲಿ ಕೆಲಸ ಮುಗಿಸುತ್ತಿದ್ದುದರಿಂದ ಮೇಯರ್ ಲಾರೆನ್ಸ್ ಅವರಿಗೆ ‘ಒನ್ ಶಾಟ್’ ಎಂದು ಹೆಸರಿಟ್ಟಿದ್ದರಂತೆ, ಗುಡ್ಡವನ್ನು ಕೆಡವಿಸಿದ ಅದೇ ಲಾರೆನ್ಸ್. ಮದುವೆ, ಪಂದ್ಯ, ಮೆರವಣಿಗೆ, ಅಪಘಾತ, ಅಂಗಡಿಯ ಉದ್ಘಾಟನೆ, ಕೊನೆಗೆ ಕ್ರಾಫರ್ಡ್ ಬೀದಿಯ ಆ ಫಲಕವನ್ನೂ ಅವರ ಕ್ಯಾಮೆರಾ ಹಿಡಿದಿಟ್ಟಿತು. ಅವರು ಬಿಟ್ಟುಹೋದ ನೆಗೆಟಿವ್‌ಗಳು ಹತ್ತಿರ ಹತ್ತಿರ 80,000. 2001ರಲ್ಲಿ ಊರಿನ ಕಾರ್ನೆಗಿ ಕಲಾ ಸಂಗ್ರಹಾಲಯ ಅವನ್ನು ಕೊಂಡಿತು. ಹೆಚ್ಚಿನ ಚಿತ್ರಗಳ ಮೇಲೆ ಯಾರು, ಎಲ್ಲಿ, ಯಾವಾಗ ಎಂಬ ಬರಹವಿರಲಿಲ್ಲ. ಸಂಗ್ರಹಾಲಯದವರು ಊರಿನ ಹಿರಿಯರನ್ನು ಕರೆದು ಚಿತ್ರಗಳನ್ನು ತೋರಿಸಿ, ಇವರು ಯಾರು, ಇದು ಯಾವ ಮೂಲೆ ಎಂದು ಕೇಳತೊಡಗಿದರು.

ಗುರುತು ಸಿಗದ ಚಿತ್ರಗಳ ಶೀರ್ಷಿಕೆಗಳು ಬಟ್ಟೆಯನ್ನೂ ಸಾಮಾನನ್ನೂ ಎಣಿಸುತ್ತವೆ. ಪಟ್ಟೆಯಂಗಿಯ ಹುಡುಗ, ಕಪ್ಪು ಟೋಪಿಯ ಹೆಂಗಸು, ಹಿಂದೆ ಕ್ಯಾಲೆಂಡರು ತೂಗುಹಾಕಿದ ಗೋಡೆ, ಬಹುಶಃ ಇಂಥ ವರ್ಷ ಎಂದು ಸಾಗುತ್ತವೆ. ಯಾರಾದರೂ ಗುರುತು ಹಿಡಿದರೆ ಆ ಸಾಲಿಗೆ ಒಂದು ಹೆಸರು ಬಂದು ಸೇರುತ್ತದೆ, ಕೆಲವೊಮ್ಮೆ ಬೀದಿಯ ಹೆಸರೂ ಸೇರುತ್ತದೆ. ಆ ಬೀದಿಯನ್ನು ಕಣ್ಣಾರೆ ಕಂಡವರಲ್ಲಿ ತೀರ ಕಿರಿಯರಿಗೂ ಈಗ ಎಪ್ಪತ್ತು ದಾಟಿದೆ.